ಮಂಡಿಯೊಳಗಿನ ಸಿಂಬಿ

ಎಲುಬು-ಕೀಲು: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಹಿಂದಿನ ಸಂಚಿಕೆಯಲ್ಲಿ ಮಂಡಿನೋವಿನ ಬಗ್ಗೆ ನಾಲ್ಕು ಮಾತು ಬರೆದದ್ದೇ ತಪ್ಪಾಯಿತೋ ಏನೋ, ಬದಿಯಡ್ಕದ ನನ್ನ ಕ್ಲಿನಿಕ್ಕಿನ ಮೇಜಿನ ಮೇಲೆ ಪತ್ರಗಳ ಕಟ್ಟೇ ಬಂದು ಬಿದ್ದಿದೆ. ವಾಟ್ಸಾಪಿನಲ್ಲಿ ಬಂದದ್ದು ಬೇರೆ. ಎಂಆರ್‌ಐ ವರದಿಯ ಫೋಟೋ ತೆಗೆದು, ಕೆಳಗೆ "ಇದು ಎಂತ ಡಾಕ್ಟ್ರೇ?" ಎಂದು ಮಾತ್ರ ಬರೆದವರೇ ಜಾಸ್ತಿ. ಅವುಗಳಲ್ಲಿ ಮೆನಿಸ್ಕಸ್ಸಿಗೆ, ಅಂದರೆ ಮಂಡಿಯ ಎಲುಬುಗಳ ನಡುವಿನ ಮೆತ್ತೆಗೆ, ಸಂಬಂಧಿಸಿದ ನಾಲ್ಕನ್ನು ಈ ಸಲ ಆರಿಸಿಕೊಂಡಿದ್ದೇನೆ. ಉಳಿದವರು ಬೇಸರಿಸಬೇಡಿ, ಸೊಂಟನೋವಿನ ಸರದಿ ಮುಂದಿನ ಸಲ.

*

ಪ್ರಶ್ನೆ: ನನ್ನ ಮಗಳಿಗೆ ಐದು ತುಂಬಿ ಆರು ನಡೆಯುತ್ತಿದೆ, ಒಂದನೇ ಕ್ಲಾಸು. ಕಳೆದ ಮಳೆಗಾಲದಿಂದ ಅವಳ ಬಲಮಂಡಿ ಮೆಟ್ಟಿಲು ಇಳಿಯುವಾಗ "ಟಕ್" ಎನ್ನುತ್ತದೆ. ಪಕ್ಕದಲ್ಲಿ ಕೂತವರಿಗೂ ಕೇಳುತ್ತದೆ. ನೋವಿಲ್ಲ. ಓಡುತ್ತಾಳೆ, ಪೇರಳೆ ಮರ ಹತ್ತುತ್ತಾಳೆ. ಎಂಆರ್‌ಐ ಮಾಡಿಸಿದಾಗ "ಡಿಸ್ಕಾಯ್ಡ್ ಲ್ಯಾಟರಲ್ ಮೆನಿಸ್ಕಸ್" ಎಂದು ಬಂತು. ಒಬ್ಬ ಡಾಕ್ಟರು ಬೇಗ ಆಪರೇಶನ್ ಮಾಡಿಸಿ ಎಂದರು, ಇನ್ನೊಬ್ಬರು ಸುಮ್ಮನಿರಿ ಎಂದರು. ಮತ್ತೊಂದು ವಿಷಯ, ದಯವಿಟ್ಟು ಹೆಸರು ಹಾಕಬೇಡಿ. 2019ರ ಡಿಸೆಂಬರಿನಲ್ಲಿ ಸೂರ್ಯಗ್ರಹಣ ಬಂದಾಗ ನಾನು ಐದು ತಿಂಗಳ ಬಸುರಿ. ಗ್ರಹಣದ ಹೊತ್ತಿಗೆ ಅಂಗಳದಲ್ಲಿ ಕೂತು ಅಡಿಕೆ ಸುಲಿದಿದ್ದೆ. ಅದಕ್ಕೇ ಮಗುವಿನ ಕಾಲು ಹೀಗಾಯಿತು ಎಂದು ಅತ್ತೆ ದಿನಕ್ಕೊಂದು ಸಲ ಹೇಳುತ್ತಾರೆ. ಹೌದಾ?
ಒಬ್ಬ ತಾಯಿ, ಪೆರ್ಲ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ನಿಮ್ಮನ್ನು ನಿದ್ದೆಗೆಡಿಸಿದ್ದು ಅದೇ ಎಂದು ಪತ್ರ ಓದಿದರೆ ಗೊತ್ತಾಗುತ್ತದೆ. ಅಲ್ಲ. ಆ ಡಿಸೆಂಬರ್ 26 ನನಗೂ ನೆನಪಿದೆ. ಸೂರ್ಯ ಬಳೆಯ ಹಾಗೆ ಕಾಣುವುದನ್ನು ನೋಡಲು ನಮ್ಮದೇ ಕಾಸರಗೋಡು ಜಿಲ್ಲೆಯ ಚೆರುವತ್ತೂರಿಗೆ ಎಲ್ಲೆಲ್ಲಿಂದಲೋ ಜನ ಬಂದಿದ್ದರು. ನಿಮ್ಮ ಮಗುವಿನ ಮೆನಿಸ್ಕಸ್ ಆಗಲೇ ತಯಾರಾಗಿತ್ತು. ಹೊಟ್ಟೆಯೊಳಗಿನ ಶಿಶುವಿನಲ್ಲಿ ಅದು ಕಾಣಿಸಿಕೊಳ್ಳುವುದು ಎಂಟನೇ ವಾರದ ಹೊತ್ತಿಗೆ. ಹದಿನಾಲ್ಕನೇ ವಾರಕ್ಕೆಲ್ಲ ಅದರ ಆಕಾರ ಮುಗಿದಿರುತ್ತದೆ. ಐದನೇ ತಿಂಗಳಲ್ಲಿ ಬಂದ ಗ್ರಹಣಕ್ಕೆ ಅಲ್ಲಿ ಮಾಡಲು ಯಾವ ಕೆಲಸವೂ ಉಳಿದಿರಲಿಲ್ಲ. ಇದನ್ನು ಅತ್ತೆಯವರಿಗೆ ಓದಿ ಹೇಳಿ. ಡಾಕ್ಟರು ಬರೆದಿದ್ದಾರೆ ಎಂದೇ ಹೇಳಿ, ನಿಮ್ಮ ಮಾತಾಗಿ ಬೇಡ.

ಅತ್ತೆಯವರನ್ನು ನಗುವ ಅಧಿಕಾರ ನಮಗೂ ಇಲ್ಲ ಅನ್ನಿ. ಎಲ್ಲ ಶಿಶುಗಳಲ್ಲೂ ಮೆನಿಸ್ಕಸ್ ಮೊದಲು ಇಡೀ ಬಿಲ್ಲೆಯಾಗಿದ್ದು, ಆಮೇಲೆ ನಡುಭಾಗ ಕರಗಿ ಅರ್ಧಚಂದ್ರವಾಗುತ್ತದೆ, ಕರಗದೆ ಉಳಿದರೆ ಹೀಗೆ ಡಿಸ್ಕಾಯ್ಡ್, ಅಂದರೆ ಬಿಲ್ಲೆಯಾಕಾರ, ಆಗುತ್ತದೆ ಎಂದು ನಮ್ಮ ವೈದ್ಯರೇ ಬಹಳ ಕಾಲ ನಂಬಿದ್ದರು. ಕಪ್ಲಾನ್ ಎಂಬವರು ಭ್ರೂಣಗಳ ಮಂಡಿ ಬಿಡಿಸಿ ನೋಡಿ, ಯಾವ ಹಂತದಲ್ಲೂ ಅದು ಬಿಲ್ಲೆಯಾಗಿರುವುದಿಲ್ಲ ಎಂದು 1957ರಲ್ಲಿ ಬರೆದ ಮೇಲೆ ಆ ನಂಬಿಕೆ ಅಲುಗಾಡಿತು. ಕೆಲವರು ಸುರುಳಿ ಕೂದಲಿನೊಂದಿಗೆ ಹುಟ್ಟುತ್ತಾರಲ್ಲ, ಹಾಗೆ ಕೆಲವರು ಈ ಆಕಾರದೊಂದಿಗೆ ಹುಟ್ಟುತ್ತಾರೆ. ಇಷ್ಟೇ.

ಈಗ ಆ ಆಕಾರದ ವಿಷಯ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಸಿಂಬಿ ಇದ್ದರೆ ಇಳಿಸಿ ತನ್ನಿ. ತಳ ಉರುಟಾದ ಮಣ್ಣಿನ ಗಡಿಗೆ ನೆಲದ ಮೇಲೆ ನಿಲ್ಲುವುದಿಲ್ಲ, ಉರುಳುತ್ತದೆ. ಅಡಿಗೆ ಬೈಹುಲ್ಲಿನದ್ದೋ ಬಟ್ಟೆಯದ್ದೋ ಸಿಂಬಿ ಇಟ್ಟರೆ ಗಟ್ಟಿ ಕೂರುತ್ತದೆ. ಮಂಡಿಯೊಳಗೆ ತೊಡೆಯ ಎಲುಬಿನ ತುದಿ ಎರಡು ಉರುಟು ಗಡಿಗೆಗಳ ಹಾಗೆ. ಕೆಳಗಾಲಿನ ಎಲುಬಿನ ತಲೆ ಹೆಚ್ಚುಕಡಿಮೆ ಸಪಾಟು ನೆಲ. ಮಧ್ಯೆ ಒಳಬದಿಗೊಂದು, ಹೊರಬದಿಗೊಂದು ಸಿಂಬಿ. ಅದೇ ಮೆನಿಸ್ಕಸ್. ಅಂಚಿನಲ್ಲಿ ದಪ್ಪ, ನಡುವಿಗೆ ಬಂದ ಹಾಗೆ ತೆಳು, ನಡು ಖಾಲಿ. ಗ್ರೀಕಿನಲ್ಲಿ ಆ ಪದಕ್ಕೆ ಪುಟ್ಟ ಚಂದ್ರ ಎಂದು ಅರ್ಥ, ಬಿದಿಗೆಯ ಚಂದ್ರ ಎನ್ನಬಹುದು.

ನಿಮ್ಮ ಮಗಳ ಹೊರಬದಿಯ ಸಿಂಬಿಯಲ್ಲಿ ತೂತಿಲ್ಲ. ಬಿದಿಗೆಯ ಜಾಗದಲ್ಲಿ ಹುಣ್ಣಿಮೆ. 1889ರಲ್ಲಿ ಯಂಗ್ ಎಂಬವರು ಒಂದು ಶವದ ಮಂಡಿಯಲ್ಲಿ ಇದನ್ನು ಕಂಡು ಮೊದಲು ಬರೆದಿಟ್ಟರು. ಬಹುತೇಕ ಹೊರಬದಿಯಲ್ಲೇ ಬರುತ್ತದೆ, ಒಳಬದಿಯಲ್ಲಿ ತೀರಾ ಅಪರೂಪ. ಜಪಾನ್, ಕೊರಿಯಾ ಕಡೆ ಹೆಚ್ಚು. ಯಾರು ಎಲ್ಲಿ ಎಣಿಸಿದರು ಎಂಬುದರ ಮೇಲೆ ನೂರಕ್ಕೆ ಒಂದಕ್ಕಿಂತ ಕಡಿಮೆಯಿಂದ ಹಿಡಿದು ಹದಿನೇಳರವರೆಗೂ ಲೆಕ್ಕಗಳಿವೆ. ಅವರಲ್ಲಿ ಬಹಳಷ್ಟು ಮಂದಿ ಆಯುಷ್ಯವಿಡೀ ನಡೆದು, ಗದ್ದೆ ಉತ್ತು, ಮಂಡಿಯೊಳಗೆ ಹುಣ್ಣಿಮೆ ಇದೆಯೆಂದು ಗೊತ್ತಿಲ್ಲದೇ ಹೋಗುತ್ತಾರೆ.

"ಟಕ್" ಎಲ್ಲಿಂದ? ಜಪಾನಿನ ವತಾನಬೆ ಇದನ್ನು ಮೂರು ಬಗೆಯಾಗಿ ವಿಂಗಡಿಸಿದರು. ಕೆಳಗಿನ ಎಲುಬಿನ ಆ ಬದಿಯನ್ನು ಪೂರ್ತಿ ಮುಚ್ಚುವುದು ಒಂದು, ಅರ್ಧಂಬರ್ಧ ಮುಚ್ಚುವುದು ಇನ್ನೊಂದು. ಮೂರನೆಯದು ರಿಸ್‌ಬರ್ಗ್ ಬಗೆ. ಅದರಲ್ಲಿ ಆಕಾರ ಕೆಲವೊಮ್ಮೆ ಸರಿಯೇ ಇರುತ್ತದೆ, ಆದರೆ ಹಿಂಬದಿಯಲ್ಲಿ ಕೆಳಗಿನ ಎಲುಬಿಗೆ ಇರಬೇಕಾದ ಹಿಡಿತ ಇರುವುದಿಲ್ಲ. ರಿಸ್‌ಬರ್ಗ್ ಎಂಬ ಹೆಸರಿನ ಒಂದು ಪಟ್ಟಿ ಮಾತ್ರ ಅದನ್ನು ತೊಡೆಯ ಎಲುಬಿಗೆ ಕಟ್ಟಿಕೊಂಡಿರುತ್ತದೆ. ಒಂದೇ ಗೂಟಕ್ಕೆ ಕಟ್ಟಿದ ದನದಂತೆ ಅದು ಆಚೆ ಈಚೆ ಹೋಗುತ್ತದೆ. ಕಾಲು ಮಡಚಿ ಚಾಚುವಾಗ ಸಿಂಬಿ ಜಾರಿ ಮತ್ತೆ ಜಾಗಕ್ಕೆ ಬೀಳುವ ಸದ್ದು ನಿಮಗೆ ಕೇಳುವುದು. ಉಳಿದೆರಡು ಬಗೆಯಲ್ಲೂ ಅಂಚು ಸಡಿಲವಿದ್ದರೆ ಸದ್ದು ಬರಬಹುದು. ನಿಮ್ಮ ವರದಿಯಲ್ಲಿ ಯಾವ ಬಗೆ ಎಂದು ಬರೆದಿಲ್ಲದಿದ್ದರೆ ಗಾಬರಿ ಬೇಡ. ಬಹಳ ಸಲ ಅದು ಫಿಲ್ಮಿನಲ್ಲಿ ತಿಳಿಯುವುದೂ ಇಲ್ಲ.

ಇನ್ನು ಆಪರೇಶನ್. ನೋವಿಲ್ಲ, ಊತವಿಲ್ಲ, ಮರ ಹತ್ತುತ್ತಾಳೆ ಎಂದು ನೀವೇ ಬರೆದಿದ್ದೀರಿ. ಹಾಗಾದರೆ ಸುಮ್ಮನಿರಿ ಎಂದವರ ಪಕ್ಷ ನನ್ನದು. ಸದ್ದನ್ನು ಆಪರೇಶನ್ ಮಾಡುವುದಿಲ್ಲ, ಮಗುವನ್ನು ಮಾಡುವುದು. ಆದರೆ ಸುಮ್ಮನಿರುವುದೆಂದರೆ ಮರೆಯುವುದಲ್ಲ. ತಿಂಗಳಿಗೊಂದು ಸಲ ಮಗುವನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ, ಎರಡೂ ಕಾಲು ಚಾಚಿಸಿ, ಮಂಡಿಯ ಹಿಂಭಾಗ ಚಾಪೆಗೆ ತಾಗುತ್ತದೆಯೇ ನೋಡಿ. ಬಲಮಂಡಿಯ ಅಡಿಯಲ್ಲಿ ನಿಮ್ಮ ಬೆರಳು ನುಸುಳುತ್ತದೆ, ಎಡದ ಅಡಿಯಲ್ಲಿ ನುಸುಳುವುದಿಲ್ಲ ಎಂದರೆ ಕಾಲು ಪೂರ್ತಿ ಚಾಚುತ್ತಿಲ್ಲ ಎಂದು ಲೆಕ್ಕ. ಅದು, ಇಲ್ಲವೇ ಕುಂಟುವುದು, ಮಂಡಿಯ ಹೊರಬದಿ ನೋವು, ಊತ, ಬಲತೊಡೆ ಸಣಕಲಾಗುವುದು, ಇವುಗಳಲ್ಲಿ ಒಂದು ಕಂಡರೂ ತೋರಿಸಿ. ಇಲ್ಲದಿದ್ದರೆ ಆರು ತಿಂಗಳಿಗೊಮ್ಮೆ ಸಾಕು. ಎರಡೂ ಮಂಡಿಯಲ್ಲಿ ಇರುವವರು ಕಡಿಮೆಯೇನಲ್ಲ. ಹಾಗೆಂದು ಎಡಮಂಡಿಗೂ ಈಗಲೇ ಸ್ಕ್ಯಾನ್ ಮಾಡಿಸಿ ದುಡ್ಡು ಕಳೆಯಬೇಡಿ. ಪೇರಳೆ ಮರ ಹತ್ತಲಿ. ಬಿದ್ದರೆ ಮುರಿಯುವುದು ಕೈ, ಮೆನಿಸ್ಕಸ್ ಅಲ್ಲ.

*

ಪ್ರಶ್ನೆ: ನಾನು ಹತ್ತನೇ ಕ್ಲಾಸಿನಲ್ಲಿದ್ದೇನೆ. ನಾಲ್ಕು ವರ್ಷದಿಂದ ಯಕ್ಷಗಾನ ಕಲಿಯುತ್ತಿದ್ದೇನೆ, ಪುಂಡುವೇಷ. ಕಲೋತ್ಸವದ ತಂಡದಲ್ಲಿದ್ದೇನೆ. ಎರಡು ತಿಂಗಳ ಹಿಂದೆ ಅಭ್ಯಾಸದಲ್ಲಿ ಧೀಂಗಿಣ ಹಾರಿ ನೆಲಕ್ಕೆ ಬಂದಾಗ ಎಡಮಂಡಿ ತಿರುಚಿತು. ಕಾಲು ಮಡಚಿದಲ್ಲೇ ಸಿಕ್ಕಿಕೊಂಡಿತು, ಚಾಚಲಿಕ್ಕೆ ಬರಲಿಲ್ಲ. ಊರಿನ ಒಬ್ಬರು ಹಿಡಿದು ತಿರುಗಿಸಿ ಎಳೆದರು, ಸರಿಯಾಯಿತು. ಆಮೇಲೆ ಮೂರು ಸಲ ಹಾಗೇ ಆಗಿದೆ. ಸ್ಕ್ಯಾನಿನಲ್ಲಿ ಕಂಪ್ಲೀಟ್ ಡಿಸ್ಕಾಯ್ಡ್, ಹರಿದಿದೆ ಎಂದು ಬಂತು. ಸಾಸರೈಸೇಶನ್ ಮತ್ತು ರಿಪೇರಿ ಮಾಡಬೇಕಂತೆ. ಅಪ್ಪ ಅದನ್ನು ಇಡೀ ತೆಗೆದುಬಿಟ್ಟರೆ ಒಂದೇ ಸಲಕ್ಕೆ ಮುಗಿಯುತ್ತದಲ್ಲ ಎನ್ನುತ್ತಾರೆ. ನಾನು ಮತ್ತೆ ಧೀಂಗಿಣ ಹಾರಬಹುದಾ?
ವಿದ್ಯಾರ್ಥಿ, ಮುಳ್ಳೇರಿಯ

ಉತ್ತರ: ಹಾರಬಹುದು ಮಗಾ. ಈ ವರ್ಷದ ಕಲೋತ್ಸವದಲ್ಲಿ ಅಲ್ಲ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ಹುಟ್ಟಿದವನಿಗೆ ಕುಣಿಯಬೇಡ ಎಂದು ಹೇಳಿ ನಾನು ಎಲ್ಲಿಗೆ ಹೋಗಲಿ?

ಮೊದಲು ಆ ತಿರುಗಿಸಿ ಎಳೆಯುವ ಕೆಲಸ ನಿಲ್ಲಿಸು. ಹರಿದ ತುಂಡು ಎರಡು ಎಲುಬುಗಳ ನಡುವೆ ಬಾಗಿಲಿಗೆ ಸಿಕ್ಕಿದ ಬಟ್ಟೆಯಂತೆ ಸಿಕ್ಕಿಕೊಂಡದ್ದರಿಂದ ನಿನ್ನ ಕಾಲು ಲಾಕ್ ಆಗುವುದು. ಬಲವಾಗಿ ಎಳೆದರೆ ಬಾಗಿಲೇನೋ ತೆರೆಯುತ್ತದೆ, ಬಟ್ಟೆ ಇನ್ನಷ್ಟು ಹರಿಯುತ್ತದೆ. ಎಲುಬಿನ ಮೇಲಿನ ನುಣುಪು ಪದರವೂ ಕೆರೆದುಹೋಗುತ್ತದೆ. ಮತ್ತೆ ಸಿಕ್ಕಿಕೊಂಡರೆ ಹಾಗೇ ಮಡಚಿಟ್ಟುಕೊಂಡು ಆಸ್ಪತ್ರೆಗೆ ಬಾ.

ನಿನ್ನ ಮೆನಿಸ್ಕಸ್ ಹರಿದದ್ದು ನಿನ್ನ ಕುಣಿತದ ತಪ್ಪಲ್ಲ. ಈ ಬಿಲ್ಲೆ ಸಾಮಾನ್ಯ ಮೆನಿಸ್ಕಸ್ಸಿಗಿಂತ ದಪ್ಪ, ನೋಡಲು ಗಟ್ಟಿ. ಆದರೆ ಒಳಗಿನ ನಾರುಗಳ ನೇಯ್ಗೆ ಅಚ್ಚುಕಟ್ಟಿಲ್ಲ, ರಕ್ತ ಹರಿಯುವುದೂ ಕಡಿಮೆ. ಸಾಲು ತಪ್ಪಿ ನೇಯ್ದ ಚಾಪೆ ದಪ್ಪವಿದ್ದರೂ ಬೇಗ ಬಿಚ್ಚಿಕೊಳ್ಳುವುದಿಲ್ಲವೇ? ದಪ್ಪದ ಮಧ್ಯದಲ್ಲೇ ಅಡ್ಡಕ್ಕೆ ಸೀಳು ಬೀಳುವುದು ಇಂಥದರಲ್ಲಿ ಹೆಚ್ಚು. ಸ್ಕ್ಯಾನಿನಲ್ಲಿ ಇದನ್ನು ಹೇಗೆ ಗುರುತಿಸುತ್ತಾರೆಂದು ಕುತೂಹಲವಿದ್ದರೆ: ಐದೈದು ಮಿಲಿಮೀಟರಿಗೆ ಒಂದರಂತೆ ಮಂಡಿಯ ಸೀಳುಚಿತ್ರ ತೆಗೆದಾಗ ಮುಂದಿನ ತುದಿ, ಹಿಂದಿನ ತುದಿ ಒಂದಕ್ಕೊಂದು ಸೇರಿದಂತೆ ಕಾಣುವುದು ಸಾಮಾನ್ಯವಾಗಿ ಎರಡು ಚಿತ್ರಗಳಲ್ಲಿ. ಸಾಲಾಗಿ ಮೂರು ಅಥವಾ ಹೆಚ್ಚು ಚಿತ್ರಗಳಲ್ಲಿ ಹಾಗೆ ಕಂಡರೆ ಬಿಲ್ಲೆ.

ಸಾಸರೈಸೇಶನ್ ಎಂದರೆ ಹೆದರುವಂಥದ್ದೇನಲ್ಲ. ಸಾಸರ್ ಎಂದರೆ ಬಸಿ, ಕಪ್ಪಿನ ಅಡಿಗಿಡುವುದು. ಆ ಹೆಸರು ಇಟ್ಟವರು ಸಿಂಬಿ ಕಂಡವರಲ್ಲ. ಕಂಡಿದ್ದರೆ ಸಿಂಬಿ ಮಾಡುವ ಆಪರೇಶನ್ ಎಂದೇ ಕರೆಯುತ್ತಿದ್ದರು. ತೂತಿಲ್ಲದ ಸಿಂಬಿಗೆ ತೂತು ಮಾಡಿಕೊಡುವುದು ಕೆಲಸ.

ಮಂಡಿಚಿಪ್ಪಿನ ಕೆಳಗೆ ಎರಡು ಪಕ್ಕದಲ್ಲಿ ಎರಡು ಸಣ್ಣ ಗಾಯ ಮಾಡುತ್ತಾರೆ, ಬೆರಳಿನ ಉಗುರಿನಷ್ಟು ಅಗಲ. ಒಂದರಿಂದ ನಾಲ್ಕು ಮಿಲಿಮೀಟರ್ ದಪ್ಪದ ದುರ್ಬೀನು ಒಳಗೆ ಹೋಗುತ್ತದೆ, ಇನ್ನೊಂದರಿಂದ ಉಪಕರಣ. ಮಂಡಿಯೊಳಗೆ ಸಲೈನ್ ನೀರು ತುಂಬಿಸಿರುತ್ತಾರೆ, ಹಾಗಾಗಿ ಟಿವಿಯಲ್ಲಿ ಕಾಣುವುದು ಕೆರೆಯ ತಳದಂತಿರುತ್ತದೆ. ಸಾಮಾನ್ಯ ಮಂಡಿಯಾದರೆ ಹೊರಬದಿಗೆ ದುರ್ಬೀನು ತಿರುಗಿಸಿದ ಕೂಡಲೇ ಕೆಳಗಿನ ಎಲುಬಿನ ಹೊಳೆಯುವ ಮೈ ಕಾಣಬೇಕು. ಇಂಥ ಮಂಡಿಯಲ್ಲಿ ಅದು ಕಾಣುವುದಿಲ್ಲ. ಬನ್ನಂಗಾಯಿಯ ತಿರುಳಿನಂಥ ದಪ್ಪ ಬಿಳಿ ಪದರ ಎಲ್ಲವನ್ನೂ ಮುಚ್ಚಿ ಕೂತಿರುತ್ತದೆ. ನಾನು ಮೊದಲ ಸಲ ನೋಡಿದಾಗ ದುರ್ಬೀನನ್ನೇ ತಪ್ಪು ಜಾಗಕ್ಕೆ ತೂರಿಸಿದೆನೆಂದು ಹೊರಗೆ ತೆಗೆದಿದ್ದೆ. ನರ್ಸಮ್ಮ ನಕ್ಕದ್ದು ಇನ್ನೂ ಕಿವಿಯಲ್ಲಿದೆ.

ಬಾಸ್ಕೆಟ್ ಪಂಚ್ ಎಂಬ ಗಿಳಿಕೊಕ್ಕಿನಂಥ ಸಾಧನದಿಂದ ನಡುವಿನ ಭಾಗವನ್ನು ಚೂರು ಚೂರಾಗಿ ಕಚ್ಚಿ ತೆಗೆಯುತ್ತಾರೆ. ಆಗಾಗ ನಿಲ್ಲಿಸಿ, ತುದಿ ಬಾಗಿದ ಕಡ್ಡಿಯಿಂದ ಅಂಚನ್ನು ಎಳೆದು ನೋಡುತ್ತಾರೆ. ಕೌಶಲ ಇರುವುದು ಎಷ್ಟು ತೆಗೆದರು ಎಂಬುದರಲ್ಲಿ ಅಲ್ಲ, ಎಲ್ಲಿ ನಿಲ್ಲಿಸಿದರು ಎಂಬುದರಲ್ಲಿ. ಸುತ್ತ ಆರರಿಂದ ಎಂಟು ಮಿಲಿಮೀಟರ್ ಅಗಲದ ಅಂಚು ಉಳಿಯಬೇಕು. ಕಡಿಮೆಯಾದರೆ ಭಾರ ಹೊರುವುದಿಲ್ಲ, ಹೆಚ್ಚಾದರೆ ಮತ್ತೆ ಹರಿಯುತ್ತದೆ. ಅಂಚು ಅಲುಗಾಡುತ್ತಿದ್ದರೆ ಅದನ್ನು ಮಂಡಿಯ ಸುತ್ತಲಿನ ಚೀಲಕ್ಕೆ ಹೊಲಿಯುತ್ತಾರೆ. ನಿನ್ನ ವಿಷಯದಲ್ಲಿ ರಿಪೇರಿ ಎಂದು ಹೇಳಿದ್ದು ಇದಕ್ಕೆ. ಮೆನಿಸ್ಕಸ್ಸಿನ ಹೊರ ಅಂಚಿನಲ್ಲಿ ಮಾತ್ರ ಚೆನ್ನಾಗಿ ರಕ್ತ ಓಡುತ್ತದೆ, ಒಳ ಅಂಚಿನಲ್ಲಿ ಇಲ್ಲವೇ ಇಲ್ಲ. ಹಾಗಾಗಿ ಹೊರ ಅಂಚಿನ ಹೊಲಿಗೆ ಕೂಡಿಕೊಳ್ಳುತ್ತದೆ, ನಿನ್ನ ವಯಸ್ಸಿನಲ್ಲಿ ಇನ್ನೂ ಬೇಗ. ಮಂಡಿಯ ಹೊರ-ಹಿಂಬದಿಯಲ್ಲಿ ಪಾದ ಎತ್ತುವ ನರ ಹಾದುಹೋಗುತ್ತದೆ. ಸೂಜಿ ಅಲ್ಲಿಗೆ ತಾಗದ ಹಾಗೆ ನೋಡಿಕೊಳ್ಳಬೇಕು. ಆದ್ದರಿಂದ ಮಂಡಿಯ ಕೆಲಸವನ್ನೇ ಹೆಚ್ಚಾಗಿ ಮಾಡುವವರ ಹತ್ತಿರ ಹೋಗಿ. ಮಂಗಳೂರಿಗೆ ಹೋಗುವುದಾದರೆ ನಿಮ್ಮ ಆರೋಗ್ಯ ಕಾರ್ಡು ಗಡಿಯ ಆಚೆ ನಡೆಯುತ್ತದೆಯೇ ಎಂದು ಹೊರಡುವ ಮೊದಲೇ ಫೋನು ಮಾಡಿ ಕೇಳಿಕೊಳ್ಳಲು ಅಪ್ಪನಿಗೆ ಹೇಳು. ತಲಪಾಡಿ ದಾಟಿದ ಮೇಲೆ ಕೇಳಿ ಪ್ರಯೋಜನವಿಲ್ಲ.

ಇನ್ನೊಂದು ವಿಷಯ ನಿನ್ನ ಸರ್ಜನರನ್ನು ಕೇಳು: ತೊಡೆ ಎಲುಬಿನ ತುದಿಯ ಮೃದ್ವಸ್ಥಿ, ಅಂದರೆ ಆ ನುಣುಪು ಪದರ, ಚೆನ್ನಾಗಿದೆಯೇ ಎಂದು. ಬಿಲ್ಲೆ ಇರುವ ಕೆಲವು ಮಕ್ಕಳಲ್ಲಿ ಅಲ್ಲಿ ಒಂದು ಚಕ್ಕೆ ಸಡಿಲವಾಗುವುದುಂಟು. ಒಂದೇ ಸಲಕ್ಕೆ ನೋಡಿ ಮುಗಿಸಬಹುದು.

ಹೊಲಿಗೆ ಹಾಕಿದರೆ ನಾಲ್ಕರಿಂದ ಆರು ವಾರ ಊರುಗೋಲು, ಬ್ರೇಸ್. ಆ ಅವಧಿಯಲ್ಲಿ ಮಂಡಿಯನ್ನು ತೊಂಬತ್ತು ಡಿಗ್ರಿಗಿಂತ ಹೆಚ್ಚು ಮಡಚಬಾರದು. ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರುವುದೂ ಇಲ್ಲ. ತೊಡೆಯ ಸ್ನಾಯುವಿನ ವ್ಯಾಯಾಮ ಮಾತ್ರ ಮರುದಿನದಿಂದಲೇ. ಓಟ ಮತ್ತು ಹಾರಾಟ ನಾಲ್ಕರಿಂದ ಆರು ತಿಂಗಳ ನಂತರ, ಅದೂ ಎರಡೂ ತೊಡೆ ಒಂದೇ ದಪ್ಪಕ್ಕೆ ಬಂದ ಮೇಲೆ. ಆ ಆರು ತಿಂಗಳಲ್ಲಿ ಕೂತು ಮಾಡುವ ಕೆಲಸ ಮಾಡು: ಅರ್ಥಗಾರಿಕೆ ಕಲಿ, ಪದ್ಯ ಬಾಯಿಪಾಠ ಮಾಡು, ಚೆಂಡೆಯಾದರೂ ಕಲಿ. ಭಾಗವತರಿಗೆ ನಾನು ಹೇಳಿದೆನೆಂದು ಹೇಳು.

ಇಡೀ ತೆಗೆದುಬಿಡಿ ಎಂಬ ಅಪ್ಪನ ಮಾತಿಗೆ ಉತ್ತರ ಈ ಪುಟದ ಕೊನೆಯ ಪತ್ರದಲ್ಲಿದೆ. ಅದನ್ನು ಅವರೇ ಓದಲಿ.

*

ಪ್ರಶ್ನೆ: ತೋಟಕ್ಕೆ ಹೋಗುವಾಗ ಜಾರಿ ಬಿದ್ದು ಮಂಡಿ ನೋವಾಗಿತ್ತು, ಈಗ ಕಡಿಮೆಯಾಗಿದೆ. ಸ್ಕ್ಯಾನ್ ವರದಿಯಲ್ಲಿ "ಮೆನಿಸ್ಕೊಫೆಮೊರಲ್ ಲಿಗಮೆಂಟ್ ಆಫ್ ಹಂಫ್ರಿ ಕಾಣುತ್ತದೆ, ಟ್ರಾನ್ಸ್‌ವರ್ಸ್ ಲಿಗಮೆಂಟ್ ಎದ್ದು ಕಾಣುತ್ತದೆ, ಮೆನಿಸ್ಕಲ್ ಫ್ಲೌನ್ಸ್ ಇದೆ" ಎಂದು ಮೂರು ರೋಗ ಬರೆದಿದ್ದಾರೆ. ವಯಸ್ಸು 44. ಇವಕ್ಕೆಲ್ಲ ಆಪರೇಶನ್ ಬೇಕಾ?
ಕೃಷಿಕ, ಅಡೂರು

ಉತ್ತರ: ಮೂರೂ ರೋಗವಲ್ಲ. ಹಂಫ್ರಿ ಎಂಬುದು ಮೆನಿಸ್ಕಸ್ಸಿನ ಹಿಂತುದಿಯನ್ನು ತೊಡೆ ಎಲುಬಿಗೆ ಕಟ್ಟುವ ಪಟ್ಟಿ, ಮೊದಲ ಉತ್ತರದಲ್ಲಿ ಬಂದ ರಿಸ್‌ಬರ್ಗಿನ ಜೊತೆಗಾರ. ಕೆಲವರಿಗೆ ಒಂದು, ಕೆಲವರಿಗೆ ಎರಡೂ, ಕೆಲವರಿಗೆ ಯಾವುದೂ ಇಲ್ಲ. ಟ್ರಾನ್ಸ್‌ವರ್ಸ್ ಎಂಬುದು ಎರಡು ಮೆನಿಸ್ಕಸ್ಸುಗಳ ಮುಂತುದಿಗಳನ್ನು ಕೂಡಿಸುವ ನಾರು. ಅದು ಮೆನಿಸ್ಕಸ್ಸಿಗೆ ಸೇರುವ ಜಾಗದಲ್ಲಿ ಫಿಲ್ಮಿನ ಮೇಲೆ ಗೆರೆಯೊಂದು ಬಿದ್ದು, ಅವಸರದಲ್ಲಿ ನೋಡಿದರೆ ಹರಿದಂತೆ ಕಾಣುತ್ತದೆ. ನಿಮ್ಮ ವರದಿ ಬರೆದವರು ಮೋಸಹೋಗದೆ ಸರಿಯಾಗಿ ಗುರುತಿಸಿದ್ದಾರೆ, ಅವರಿಗೆ ನಮಸ್ಕಾರ ಹೇಳಿ. ಫ್ಲೌನ್ಸ್ ಎಂದರೆ ಮೆನಿಸ್ಕಸ್ಸಿನ ಒಳ ಅಂಚು ಪಂಚೆಯ ನಿರಿಗೆಯಂತೆ ಸ್ವಲ್ಪ ಅಲೆಯಾಗಿರುವುದು. ಕಾಲು ಇಟ್ಟ ಭಂಗಿ ಬದಲಾದರೆ ಹೋಗಲೂಬಹುದು.

ಮನುಷ್ಯರ ಮುಖ ಒಬ್ಬರದ್ದಿದ್ದಂತೆ ಇನ್ನೊಬ್ಬರದ್ದಿಲ್ಲ, ಮಂಡಿಯ ಒಳಗೂ ಹಾಗೆಯೇ. ಪೇಟೆಗೆ ಹೋಗಿ ಮೂಗಿನ ವರದಿ ತಂದರೆ ಅದರಲ್ಲೂ ಮೂರು ಸಾಲು ಇರುತ್ತದೆ. ನೋವು ಕಡಿಮೆಯಾಗಿದೆ ಎಂದಿರಲ್ಲ, ವರದಿಯನ್ನು ಕಪಾಟಿನಲ್ಲಿಡಿ. ತೋಟಕ್ಕೆ ಹೋಗುವ ದಾರಿಯ ಹಾವಸೆ ಕೆರೆಸಿ.

*

ಪ್ರಶ್ನೆ: ನನಗೆ 57 ವರ್ಷ. ಹದಿನೇಳನೇ ವಯಸ್ಸಿನಲ್ಲಿ ಬಲಮಂಡಿ ಲಾಕ್ ಆಗುತ್ತಿತ್ತೆಂದು ದೊಡ್ಡ ಆಸ್ಪತ್ರೆಯೊಂದರಲ್ಲಿ ಆಪರೇಶನ್ ಮಾಡಿ ಮಂಡಿಯೊಳಗಿನ ಒಂದು "ಹೆಚ್ಚಿನ ಬಿಲ್ಲೆ"ಯನ್ನು ಪೂರ್ತಿ ತೆಗೆದಿದ್ದರು. ಹತ್ತು ಹದಿನೈದು ವರ್ಷ ಏನೂ ತೊಂದರೆ ಇರಲಿಲ್ಲ. ಈಗ ಹೊರಬದಿ ವಿಪರೀತ ನೋವು. ಕಾಲು ಮಂಡಿಯಲ್ಲಿ ಒಳಕ್ಕೆ ಬಾಗಿದೆ, ನಡೆಯುವಾಗ ಮಂಡಿಗೆ ಮಂಡಿ ತಾಗುತ್ತದೆ. ಬೇಡದ ಬಿಲ್ಲೆ ತೆಗೆದದ್ದರಿಂದ ಈಗ ಯಾಕೆ ನೋವು? ಮಂಡಿ ಬದಲಿಸಬೇಕೇ?
ನಿವೃತ್ತ ಶಿಕ್ಷಕಿ, ಕುಂಬಳೆ

ಉತ್ತರ: ಟೀಚರ್, ನಿಮ್ಮ ಪತ್ರವನ್ನು ಎರಡು ದಿನ ಮೇಜಿನ ಮೇಲೆ ಹಾಗೇ ಇಟ್ಟುಕೊಂಡಿದ್ದೆ. ನಿಮಗೆ ಆಪರೇಶನ್ ಆದ ಆಸುಪಾಸಿನ ವರ್ಷಗಳಲ್ಲೇ ನಾನು ಎಲುಬಿನ ವೈದ್ಯಕೀಯ ಕಲಿಯುತ್ತಿದ್ದೆ. ನಿಮ್ಮದನ್ನು ಮಾಡಿದ್ದು ನಾನಲ್ಲ, ನಮ್ಮ ಆಸ್ಪತ್ರೆಯೂ ಅಲ್ಲ. ಆದರೆ ಅಂಥದ್ದನ್ನು ನಾನೂ ಮಾಡಿದ್ದೇನೆ.

ಆಗ ದುರ್ಬೀನು ನಮ್ಮಲ್ಲಿ ಇರಲಿಲ್ಲ. ಟೋಕಿಯೋದಲ್ಲಿ ತಕಾಗಿ ಎಂಬವರು 1918ರಲ್ಲೇ ಮೂತ್ರಕೋಶ ನೋಡುವ ನಳಿಗೆಯನ್ನು ಶವದ ಮಂಡಿಗೆ ಹಾಕಿ ನೋಡಿದ್ದರು. ಅವರ ಶಿಷ್ಯ ವತಾನಬೆ 1962ರಲ್ಲಿ ದುರ್ಬೀನಿನ ಮೂಲಕವೇ ಹರಿದ ಮೆನಿಸ್ಕಸ್ಸಿನ ಚೂರನ್ನು ಮಾತ್ರ ತೆಗೆದಿದ್ದರು. ಆ ಸುದ್ದಿ ನಮ್ಮ ಆಪರೇಶನ್ ಥಿಯೇಟರಿಗೆ ತಲುಪಲು ಇನ್ನೂ ಕಾಲ ಬೇಕಿತ್ತು. ನಾವು ಮಂಡಿಯನ್ನು ತೆರೆದು, ಸ್ಮಿಲಿ ಎಂಬವರ ಹೆಸರಿನ ಬಾಗಿದ ಚಾಕುವನ್ನು ಅಂಚಿನುದ್ದಕ್ಕೂ ಓಡಿಸಿ ಇಡೀ ಮೆನಿಸ್ಕಸ್ಸನ್ನು ಬಿಡಿಸುತ್ತಿದ್ದೆವು. ಹರಿಯದೆ, ತುಂಡಾಗದೆ, ಪೂರ್ತಿಯಾಗಿ ಹೊರಬಂದರೆ ಅದೇ ಜಾಣತನ. ನಮ್ಮ ಗುರುಗಳು ಅದನ್ನು ಚಿಮುಟದಲ್ಲಿ ಎತ್ತಿ ದೀಪಕ್ಕೆ ಹಿಡಿದು ತೋರಿಸುತ್ತಿದ್ದರು. ನಾನು ಮೊದಲ ಸಲ ತೆಗೆದ ಬಿಲ್ಲೆ ಮೆನಿಸ್ಕಸ್ ಫಾರ್ಮಲಿನ್ ತುಂಬಿದ ಹಾರ್ಲಿಕ್ಸ್ ಬಾಟಲಿಯಲ್ಲಿ ನಮ್ಮ ಡಿಪಾರ್ಟ್‌ಮೆಂಟಿನ ಕಪಾಟಿನಲ್ಲಿ ಬಹಳ ವರ್ಷ ಇತ್ತು. ಲೇಬಲಿನ ಅಕ್ಷರ ನನ್ನದೇ. ಹುಡುಗನಿಗೆ ಹದಿನಾಲ್ಕು ವರ್ಷ, ಮೀನುಗಾರರ ಮಗ. ಹೊಲಿಗೆ ಬಿಚ್ಚುವ ದಿನ ಅವನ ತಾಯಿ ಬಾಳೆಲೆಯಲ್ಲಿ ಸುತ್ತಿ ಒಣಗಿದ ಬಂಗುಡೆ ತಂದುಕೊಟ್ಟಿದ್ದರು. ನಾನು ಮೀನು ತಿನ್ನುವವನಲ್ಲ, ಆದರೂ ಬೇಡ ಎನ್ನಲಾಗಲಿಲ್ಲ. ಅವನಿಗೀಗ ನಿಮ್ಮಷ್ಟೇ ಹತ್ತಿರದ ವಯಸ್ಸಾಗಿರಬೇಕು.

ಗೊತ್ತಿಲ್ಲದೆ ಮಾಡಿದೆವು ಎಂದು ಹೇಳಿ ತಪ್ಪಿಸಿಕೊಳ್ಳುವ ಹಾಗಿಲ್ಲ. ಮೆನಿಸ್ಕಸ್ ಎಂಬುದು ಕಾಲಿನ ಸ್ನಾಯುವಿನ ಕೆಲಸವಿಲ್ಲದ ಅವಶೇಷ ಎಂದು 1897ರಲ್ಲಿ ಬ್ಲಾಂಡ್-ಸಟನ್ ಬರೆದಿದ್ದರು, ಸರಿ. ಆದರೆ ಅದಕ್ಕೂ ಮೊದಲೇ, 1883ರಲ್ಲಿ, ಎಡಿನ್‌ಬರೊದ ಆನಂಡೇಲ್ ಮೆನಿಸ್ಕಸ್ಸನ್ನು ತೆಗೆಯದೆ ಹೊಲಿದು ಜಾಗಕ್ಕೆ ಕೂರಿಸಿದ್ದರು. ಮೆನಿಸ್ಕಸ್ ತೆಗೆದ ಮಂಡಿಗಳ ಎಕ್ಸ್‌ರೇಯಲ್ಲಿ ಕೀಲಿನ ಸಂದು ಕಿರಿದಾಗುತ್ತದೆ, ಎಲುಬಿನ ತುದಿ ಚಪ್ಪಟೆಯಾಗುತ್ತದೆ, ಅಂಚಿನಲ್ಲಿ ಎಲುಬು ಬೆಳೆಯುತ್ತದೆ ಎಂದು ಫೇರ್‌ಬ್ಯಾಂಕ್ 1948ರಲ್ಲೇ ಬರೆದಿದ್ದರು. ಆ ಮೂರು ಬದಲಾವಣೆಗಳನ್ನು ನಾವು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆವು. ಬೆಳಿಗ್ಗೆ ಅದನ್ನು ಬರೆದು ಅಂಕ ಪಡೆದು, ಮಧ್ಯಾಹ್ನ ಥಿಯೇಟರಿಗೆ ಹೋಗಿ ಇಡೀ ಮೆನಿಸ್ಕಸ್ ತೆಗೆಯುತ್ತಿದ್ದೆವು.

ಬೇಡದ ಬಿಲ್ಲೆ ಎಂದಿರಿ. ಬೇಡವಾದದ್ದು ಅದರ ನಡುಭಾಗ ಮಾತ್ರ, ಅಂಚು ಬೇಕಿತ್ತು. ಅಂಚು ಹೋದ ಮೇಲೆ ಗಡಿಗೆ ನೇರವಾಗಿ ನೆಲಕ್ಕೆ ಬಂತು. ಹರಡಿ ಹೋಗಬೇಕಾದ ನಿಮ್ಮ ಮೈಭಾರವೆಲ್ಲ ಆ ಬದಿಯ ಒಂದು ಸಣ್ಣ ಜಾಗದ ಮೇಲೆ ಬಿತ್ತು. ಹದಿನೇಳರಲ್ಲಿ ಎಲುಬಿನ ಮೇಲಿನ ಮೃದ್ವಸ್ಥಿ ಹೊಸದು, ತಡೆದುಕೊಂಡಿತು. ಅದಕ್ಕೇ ಹತ್ತು ಹದಿನೈದು ವರ್ಷ ನಿಮಗೆ ತಿಳಿಯಲಿಲ್ಲ. ಕರಿಹಲಗೆಯ ಮುಂದೆ ನಿಂತ ವರ್ಷಗಳಲ್ಲಿ ಅದು ಸವೆದಿದೆ. ಹೊರಬದಿ ಸವೆದರೆ ಕಾಲು ಒಳಕ್ಕೆ ಬಾಗುತ್ತದೆ, ಬಾಗಿದಷ್ಟೂ ಹೊರಬದಿಗೆ ಇನ್ನಷ್ಟು ಭಾರ. ಮುಳ್ಳೇರಿಯದ ಹುಡುಗನ ಅಪ್ಪ ಇದನ್ನು ಓದುತ್ತಿದ್ದರೆ ನನಗೆ ಬೇರೇನೂ ಹೇಳಲಿಕ್ಕಿಲ್ಲ.

ಮಂಡಿ ಬದಲಿಸಬೇಕೇ? ಪತ್ರ ನೋಡಿ ಹೇಳುವುದಕ್ಕೆ ಬರುವುದಿಲ್ಲ. ಮೊದಲು ಇಷ್ಟು ಮಾಡಿ ನೋಡಿ. ನೆಲದ ಮೇಲೆ ಕೂರುವುದು, ಕುಕ್ಕರುಗಾಲಿನಲ್ಲಿ ಕೂರುವುದು ಬಿಡಿ, ಪಾಯಿಖಾನೆಗೆ ಕಮೋಡು ಹಾಕಿಸಿ. ಊರುಗೋಲು ಹಿಡಿಯಲು ನಾಚಿಕೆ ಬೇಡ, ಬಲಮಂಡಿ ನೋವಾದ್ದರಿಂದ ಎಡಗೈಯಲ್ಲಿ ಹಿಡಿಯಿರಿ. ಎಲ್ಲರೂ ನೋವಿನ ಬದಿಯಲ್ಲೇ ಹಿಡಿಯುತ್ತಾರೆ, ಅದು ತಪ್ಪು. ಕುರ್ಚಿಯಲ್ಲಿ ಕೂತು ಕಾಲನ್ನು ನೇರವಾಗಿ ಚಾಚಿ ಹತ್ತು ಎಣಿಸುವಷ್ಟು ಹೊತ್ತು ಹಿಡಿದು ಇಳಿಸುವುದು, ಒಂದೊಂದು ಹೊತ್ತಿಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ತೂಕ ಸ್ವಲ್ಪ ಇಳಿದರೂ ಮಂಡಿಗೆ ಗೊತ್ತಾಗುತ್ತದೆ. ಹೊರಬದಿಯ ಭಾರ ಕಡಿಮೆ ಮಾಡುವ ಬ್ರೇಸ್ ಇದೆ. ನಮ್ಮ ಸೆಕೆಗೆ ಅದನ್ನು ಕಟ್ಟಿಕೊಂಡು ತಿರುಗುವವರು ಕಡಿಮೆ, ಪೇಟೆಗೆ ಹೋಗುವಾಗ ಮಾತ್ರ ಕಟ್ಟಿಕೊಂಡರೂ ನಡೆದೀತು. ಇಷ್ಟಕ್ಕೂ ರಾತ್ರಿ ನೋವಿನಿಂದ ಎಚ್ಚರವಾಗುತ್ತಿದ್ದರೆ ಮಂಡಿ ಬದಲಿಸುವ ಮಾತಾಡೋಣ. ಒಳಬದಿ ಮತ್ತು ಚಿಪ್ಪಿನ ಹಿಂಭಾಗ ಚೆನ್ನಾಗಿದ್ದರೆ ಹೊರಬದಿಯನ್ನು ಮಾತ್ರ ಬದಲಿಸುವ ದಾರಿಯೂ ಇದೆ, ಅದು ಎಲ್ಲರಿಗೂ ಹೊಂದುವುದಿಲ್ಲ.

ಬುಧವಾರ ಮತ್ತು ಶನಿವಾರ ಬೆಳಿಗ್ಗೆ ನಾನು ಬದಿಯಡ್ಕದಲ್ಲಿರುತ್ತೇನೆ. ಬರುವಾಗ ಎರಡೂ ಮಂಡಿಗಳ ಎಕ್ಸ್‌ರೇ ತನ್ನಿ, ನಿಂತುಕೊಂಡು ತೆಗೆಸಿದ್ದು. ಮಲಗಿಸಿ ತೆಗೆದರೆ ಸಂದು ಅಗಲವಾಗಿ ಕಾಣುತ್ತದೆ, ಸವೆದದ್ದು ತಿಳಿಯುವುದಿಲ್ಲ. ಎಕ್ಸ್‌ರೇ ತೆಗೆಯುವ ಹುಡುಗ ಮಲಗಿ ಎಂದರೆ, ಟೀಚರ್ ಅಲ್ಲವೇ ನೀವು, ಗದರಿಸಿ.